ಕೆಂಪು ಚೌಕದ ಮೇಲೆ ಹೆಬ್ಬೆರಳು

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬ ಹುಡುಗನ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ತಾಯಿ ಒಪ್ಪಿದ್ದಾರೆ. ಹುಡುಗನೂ ಒಪ್ಪಿದ, ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ತಾಯಿ ಬಂದದ್ದು ಮಗ ಸುಳ್ಳು ಹೇಳುತ್ತಾನೆ ಎಂಬ ದೂರಿನೊಂದಿಗೆ. ಹುಡುಗನಿಗೆ 11 ವರ್ಷ. ಪಾಠವೆಲ್ಲ ಆನ್‌ಲೈನ್‌ನಲ್ಲೇ. ವಾರದ ಕೊನೆಯ ತರಗತಿಯಲ್ಲಿ ಟೀಚರ್ ಕ್ವಿಜ್ ಆಟ ಆಡಿಸುತ್ತಾರೆ. ಮುಗಿದ ಮೇಲೆ ಎಲ್ಲರೂ ತಮಗೆ ಎಷ್ಟನೇ ಸ್ಥಾನ ಬಂತೆಂದು ಚಾಟ್‌ನಲ್ಲಿ ಬರೆಯಬೇಕು. ಇವನು 12 ಎಂದು ಬರೆದಿದ್ದ. ಹಿಂದೆ ನಿಂತಿದ್ದ ತಾಯಿಗೆ ಫೋನಿನಲ್ಲಿ ಕಂಡದ್ದು 29. ತರಗತಿಯಲ್ಲಿ ಇರುವುದೇ 31 ಮಕ್ಕಳು.

"ಯಾರು ಕಲಿಸಿದ್ರೋ ಗೊತ್ತಿಲ್ಲ ಮೇಡಂ. ಆಟ ಅಂದ್ರೆ ಮಕ್ಕಳು ಕುಣೀಬೇಕು ಅಲ್ವಾ? ಇವನಿಗೆ ಆ ದಿನ ಬೆಳಿಗ್ಗೆಯಿಂದಲೇ ಹೊಟ್ಟೆನೋವು."

ಹುಡುಗ ಕುರ್ಚಿಯ ತುದಿಯಲ್ಲಿ ಕೂತು ಶೂ ಲೇಸ್ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದ. ತಾಯಿಯನ್ನು ಹೊರಗೆ ಕೂರಿಸಿ, ತರಗತಿಯಲ್ಲಿ ಹೇಗೆ ಕೂರುತ್ತೀಯೋ ಹಾಗೇ ಕೂತು ತೋರಿಸು ಅಂದೆ. ಮಾತಾಡು ಅನ್ನುವುದಕ್ಕಿಂತ ಇದು ಮಕ್ಕಳಿಗೆ ಸುಲಭ. ನನ್ನ ಲ್ಯಾಪ್‌ಟಾಪನ್ನು ಎಡಕ್ಕೆ ಎಳೆದುಕೊಂಡ. ಟೀಚರ್ ಪ್ರಶ್ನೆ ಕಾಣುವುದು ಅದರಲ್ಲಿ. ಬಲಕ್ಕೆ ಅಮ್ಮನ ಫೋನು. ಅದರಲ್ಲಿ ಬರೀ ನಾಲ್ಕು ಬಣ್ಣದ ಚೌಕ ಬರುತ್ತದಂತೆ. ಕೆಂಪು ಚೌಕ ಬರುವ ಜಾಗದ ಮೇಲೆ ಆಗಲೇ ಅವನ ಹೆಬ್ಬೆರಳು ನಿಂತಿತ್ತು, ಮುಟ್ಟಿಯೂ ಮುಟ್ಟದ ಹಾಗೆ.

"ಪ್ರಶ್ನೆನೇ ಬಂದಿಲ್ವಲ್ಲೋ?"

"ಓದ್ತಾ ಕೂತ್ರೆ ಟೈಮ್ ಮುಗಿದುಹೋಗುತ್ತೆ ಮೇಡಂ. ಯಾವಾಗ್ಲೂ ಕೆಂಪೇ ಒತ್ತಿದ್ರೆ ನಾಲ್ಕರಲ್ಲಿ ಒಂದಾದ್ರೂ ಸರಿ ಬರುತ್ತೆ."

ನಗು ಬಂತು, ತಡೆದುಕೊಂಡೆ. ಇಬ್ಬರೂ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. ಅವರ ಆಟದಲ್ಲಿ ತಕ್ಷಣ ಒತ್ತಿದ ಸರಿ ಉತ್ತರಕ್ಕೆ ಸುಮಾರು 1000 ಅಂಕ, ಕೊನೇ ಗಳಿಗೆಯಲ್ಲಿ ಒತ್ತಿದರೆ ಅದರ ಅರ್ಧ. ಒಂದು ಪ್ರಶ್ನೆಗೆ 20 ಸೆಕೆಂಡು. ವಿಡಿಯೋ ಕರೆಯಲ್ಲಿ ಟೀಚರ್ ಪರದೆ ಇವನಿಗೆ ಕಾಣುವುದೇ ಮೂರ್ನಾಲ್ಕು ಸೆಕೆಂಡು ತಡವಾಗಿ. ಅಷ್ಟರಲ್ಲಿ ಗಡಿಯಾರ ಓಡಲು ಶುರುವಾಗಿರುತ್ತದೆ. ಓದಿ, ಯೋಚಿಸಿ, ಕಣ್ಣನ್ನು ಫೋನಿಗೆ ತಂದು, ಯಾವ ಬಣ್ಣ ಎಂದು ಹುಡುಕಿದರೆ ಹತ್ತು ಪ್ರಶ್ನೆಯಲ್ಲಿ ಮೂರಕ್ಕೆ ಮಾತ್ರ ಉತ್ತರ ಕೊಡಲು ಆಗುತ್ತಿತ್ತು. ಅಂದರೆ 1500 ಚಿಲ್ಲರೆ ಅಂಕ. ಕಣ್ಣು ಮುಚ್ಚಿ ಕೆಂಪು ಒತ್ತಿದರೆ ಎರಡೋ ಮೂರೋ ಸರಿ ಬಂದು ಸರಾಸರಿ 2500. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು! ಓದದೇ ಇರುವುದೇ ಲಾಭ ಎಂದು ಆಟ ಅವನಿಗೆ ಕಲಿಸಿಬಿಟ್ಟಿತ್ತು.

ಅದೇ ವಾರದ ಹತ್ತು ಪ್ರಶ್ನೆಗಳನ್ನು ಕಾಗದದ ಮೇಲೆ ಕೊಟ್ಟೆ, ಗಡಿಯಾರ ಇಲ್ಲದೆ. ಒಂಬತ್ತು ಸರಿ. ಒಂದು ಪುಟ ಜೋರಾಗಿ ಓದಿಸಿದೆ. ನಿಧಾನ, ಆದರೆ ಅಕ್ಷರ ಅದಲುಬದಲಾಗಲಿಲ್ಲ, ಸಾಲು ಹಾರಿಸಲಿಲ್ಲ. ಹಾಗೇನಾದರೂ ಕಂಡಿದ್ದರೆ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷೆಗೆ ಕಳಿಸುತ್ತಿದ್ದೆ. ಕಣ್ಣು ತೋರಿಸಿ, ಹೊಟ್ಟೆನೋವನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಹೇಳಿದೆ. ಎಲ್ಲ ಮನಸ್ಸಿನದೇ ಎಂದು ಮೊದಲೇ ತೀರ್ಮಾನ ಮಾಡಬಾರದು. ಎರಡರಲ್ಲೂ ಏನೂ ಸಿಗಲಿಲ್ಲ.

ಇನ್ನೊಂದು ವಿಷಯ. ಆ ಆಟದಲ್ಲಿ ಎಲ್ಲರಿಗೂ ಕಾಣುವುದು ಮೇಲಿನ ಐದು ಹೆಸರು ಅಷ್ಟೇ. 29 ಎಂಬುದು ಇವನ ಫೋನಿನಲ್ಲಿ ಇವನಿಗೊಬ್ಬನಿಗೇ ಕಾಣುತ್ತಿತ್ತು. ಅದನ್ನು ಬಯಲಿಗೆ ಎಳೆದದ್ದು ಚಾಟ್‌ನಲ್ಲಿ ಬರೆಯಿರಿ ಎಂಬ ಟೀಚರ್ ಮಾತು. ಮನೆಯಲ್ಲಿ ಊಟಕ್ಕೆ ಕೂತಾಗ ಬರುತ್ತಿದ್ದ "ಇವತ್ತು ಎಷ್ಟನೇ ಸ್ಥಾನ?" ಕೂಡ. ತಾಯಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಸುಮ್ನೆ ಕೇಳ್ತಿದ್ದೆ ಮೇಡಂ" ಅಂದರು.

ಅವರಿಗೆ ಕೊಟ್ಟ ಸಲಹೆ ಚಿಕ್ಕದು. ಎರಡು ತಿಂಗಳು ಸ್ಥಾನ ಕೇಳಬೇಡಿ. ಏನಾದರೂ ಕೇಳಲೇಬೇಕು ಅನಿಸಿದರೆ ಯಾವ ಪ್ರಶ್ನೆ ಕಷ್ಟ ಇತ್ತು ಎಂದು ಕೇಳಿ. ಸುಳ್ಳಿಗೆ ಶಿಕ್ಷೆ ಬೇಡ, ಹಾಗಂತ ಅದು ನಡೆದೇ ಇಲ್ಲ ಅನ್ನುವ ಹಾಗೂ ಇರಬೇಡಿ. "ನಾಚಿಕೆಯಾಯ್ತು ಅಂತ ಹಾಗೆ ಬರೆದೆ ಅಲ್ವಾ? ಮುಂದಿನ ಸಲ ನಿಜ ಬರೆ, ನಾನು ಬೈಯಲ್ಲ." ಇಷ್ಟು ಹೇಳಿದರೆ ಸಾಕು.

ತಾಯಿಯ ಒಪ್ಪಿಗೆ ಪಡೆದು ಟೀಚರ್‌ಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟಿನಲ್ಲೇ ಮಾಡಿದ್ದೆ. ಅವರ ಮಾತು ಕೇಳಿ ತಣ್ಣಗಾದೆ. "ವಾರಪೂರ್ತಿ 31 ಕಪ್ಪು ಚೌಕಗಳಿಗೆ ಪಾಠ ಮಾಡ್ತೀನಿ ಮೇಡಂ. ಮಕ್ಕಳ ನಗು ಕೇಳಿಸೋದು ಆ ಹದಿನೈದು ನಿಮಿಷ ಮಾತ್ರ. ಅದನ್ನೂ ನಿಲ್ಲಿಸಲಾ?"

ನಿಲ್ಲಿಸಬೇಡಿ ಅಂದೆ. ಕಲಿತದ್ದನ್ನು ನೆನಪಿನಿಂದ ಹೊರಗೆ ತೆಗೆಯುವುದು ಒಳ್ಳೆಯ ಅಭ್ಯಾಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ಪಠ್ಯ ನೋಡದೆ ನೆನಪಿಸಿಕೊಂಡವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು. ಅದಕ್ಕೆ ಓಟ ಬೇಕಿಲ್ಲ. ಸಮಯವನ್ನು 60 ಸೆಕೆಂಡಿಗೆ ಏರಿಸಿ ಎಂದು ಕೇಳಿಕೊಂಡೆ. ಪ್ರಶ್ನೆಯೂ ಮಕ್ಕಳ ಫೋನಿನಲ್ಲೇ ಕಾಣುವಂತೆ ಸೆಟ್ಟಿಂಗ್ ಬದಲಿಸಿದರೆ ಎರಡು ಪರದೆಯ ನಡುವೆ ಕಣ್ಣು ಓಡಾಡುವುದು ತಪ್ಪುತ್ತದೆ. ಕಹೂಟ್ ಎಂಬ ಕ್ವಿಜ್ ಆಪ್‌ನಲ್ಲಿ ಇದಕ್ಕೆ ಆಯ್ಕೆ ಇದೆ, ಗುಂಪಾಗಿ ಆಡಿಸಲೂ ಬರುತ್ತದೆ. 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡ ಕ್ವಿಜಿಜ್ ಎಂಬ ಇನ್ನೊಂದು ಆಪ್‌ನಲ್ಲಿ ಟೈಮರ್, ಲೀಡರ್‌ಬೋರ್ಡ್ (ಸ್ಥಾನಗಳ ಪಟ್ಟಿ) ಎರಡನ್ನೂ ಆಫ್ ಮಾಡಬಹುದು. ಹೊಸ ಪಾಠಕ್ಕೆ ಇಂಥ ಆಟ ಬೇಡ, ಹಳೆಯದರ ಪುನರಾವರ್ತನೆಗೆ ಇಟ್ಟುಕೊಳ್ಳಿ. ಸ್ಥಾನ ಬರೆಸುವುದಂತೂ ಬಿಟ್ಟೇಬಿಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಪ್ರತಿ ಪ್ರಶ್ನೆ ಮುಗಿದ ಮೇಲೆ ಯಾವ ಉತ್ತರವನ್ನು ಎಷ್ಟು ಜನ ಒತ್ತಿದರು ಎಂದು ಕಂಬಗಳು ಬರುತ್ತವಲ್ಲ, ಎಲ್ಲರೂ ಅದನ್ನು ಸರ್ರನೆ ದಾಟಿಸಿಬಿಡುತ್ತಾರೆ. ಹನ್ನೆರಡು ಮಕ್ಕಳು ಒಂದೇ ತಪ್ಪು ಉತ್ತರ ಒತ್ತಿದ್ದರೆ ಆಟ ಅಲ್ಲೇ ನಿಲ್ಲಬೇಕು. ಯಾಕೆ ಹಾಗನಿಸಿತು ಎಂದು ಆ ಹನ್ನೆರಡು ಮಕ್ಕಳಿಂದಲೇ ಕೇಳಬೇಕು.

ಹುಡುಗನಿಗೆ ಎರಡು ಕೆಲಸ ಕೊಟ್ಟೆ. ಪ್ರಶ್ನೆ ಕಾಣುವವರೆಗೆ ಕೈ ಮೊಣಕಾಲಿನ ಮೇಲಿರಬೇಕು. ವಾರಕ್ಕೊಂದು ಪ್ರಶ್ನೆ ತಾನೇ ಮಾಡಿ ಟೀಚರ್‌ಗೆ ಕಳಿಸಬೇಕು, ಮೂರು ತಪ್ಪು ಉತ್ತರಗಳೂ ಸರಿ ಅನಿಸುವ ಹಾಗಿರಬೇಕು.

ಆರು ವಾರದಲ್ಲಿ ಎಲ್ಲವೂ ಸರಿಹೋಗಲಿಲ್ಲ. ಸಮಯ ಹೆಚ್ಚಾಯಿತು. ಸ್ಥಾನಗಳ ಪಟ್ಟಿ ತೆಗೆದದ್ದಕ್ಕೆ ಚುರುಕಿನ ಮಕ್ಕಳು ಜಗಳ ಮಾಡಿದರು, ಮೂರನೇ ವಾರಕ್ಕೆ ಅದು ವಾಪಸ್ ಬಂತು. ಈಗ ಒಂದು ವಾರ ಗುಂಪಿನ ಆಟ, ಒಂದು ವಾರ ಒಬ್ಬೊಬ್ಬರೇ. ಒಬ್ಬನೇ ಆಡುವ ದಿನ ಹೆಬ್ಬೆರಳು ಇನ್ನೂ ಮೊದಲೇ ಮೇಲೇಳುತ್ತದಂತೆ. ಹೊಟ್ಟೆನೋವು ಎರಡು ಸಲ ಬಂದಿತ್ತು.

ಕೊನೆಯ ಭೇಟಿಗೆ ಬಾಗಿಲಿನಿಂದಲೇ ಸುದ್ದಿ ಹೇಳುತ್ತಾ ಬಂದ. ಅವನ ಪ್ರಶ್ನೆ ಹೀಗಿತ್ತು: 0.5, 0.45, 0.405, 0.0999 ಇವುಗಳಲ್ಲಿ ದೊಡ್ಡದು ಯಾವುದು?

"ಹದಿನೇಳು ಜನ ತಪ್ಪು ಮಾಡಿದ್ರು ಮೇಡಂ! ಯಾವಾಗ್ಲೂ ಫಸ್ಟ್ ಬರ್ತಾನಲ್ಲ, ಅವನೂ!"

ಸರಿ ಉತ್ತರವನ್ನು ಯಾವ ಬಣ್ಣಕ್ಕೆ ಇಟ್ಟಿದ್ದೆ ಎಂದು ಕೇಳಿದೆ.

"ಕೆಂಪಿಗೆ" ಅಂದ, ಬಗ್ಗಿ ಲೇಸ್ ಕಟ್ಟಿಕೊಳ್ಳುತ್ತಾ.