ನಾಜಲ್ ಹತ್ತಿರ ತಂದಷ್ಟೂ ಬೇಗ ತಣಿಯಬೇಕಲ್ವಾ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ 5 ಮಿ.ಮೀ. ಬಾಯಿಯ ದುಂಡು ನಾಜಲ್‌ನಿಂದ ಬಿಸಿ ತಗಡಿನ ಮೇಲೆ ನೇರವಾಗಿ ಗಾಳಿ ಬಿಡುತ್ತಿದ್ದೇವೆ. ಎತ್ತರ 10 ಮಿ.ಮೀ. ಇದ್ದಾಗಿಗಿಂತ 30 ಮಿ.ಮೀ. ಇದ್ದಾಗ ತಗಡಿನ ನಡುಭಾಗ ಚೆನ್ನಾಗಿ ತಣಿಯುತ್ತಿದೆ. ಹತ್ತಿರ ತಂದಷ್ಟೂ ಜಾಸ್ತಿ ತಣಿಯಬೇಕಲ್ವಾ ಸರ್? ಹತ್ತಿರ ಇಟ್ಟಾಗ ನಡುವಿನ ಸುತ್ತ ಇನ್ನೊಂದು ತಂಪು ಉಂಗುರವೂ ಕಾಣುತ್ತದೆ. ಅಳತೆ ತಪ್ಪಿದೆಯೇ?

ಉತ್ತರ: ಅಳತೆ ತಪ್ಪಿಲ್ಲಮ್ಮ. ನೀವು ಕಂಡಿದ್ದು ನಿಜ. ಆ ಉಂಗುರವನ್ನು ದೋಷ ಅಂತ ವರದಿಯಿಂದ ಅಳಿಸಬೇಡಿ.

ಮೊದಲು ಮಿಲಿಮೀಟರ್ ಬಿಟ್ಟು, ಎತ್ತರವನ್ನು ನಾಜಲ್ ಬಾಯಿಯ ಅಗಲದಿಂದ ಭಾಗಿಸಿ. ನಿಮ್ಮ ಎತ್ತರಗಳು 2 ಮತ್ತು 6 ಆಗುತ್ತವೆ. ಈಗ ಬೇರೆಯವರ ಫಲಿತಾಂಶದ ಜೊತೆ ಹೋಲಿಸಬಹುದು.

ನಾಜಲ್‌ನಿಂದ ಹೊರಬಿದ್ದ ಗಾಳಿಯ ಅಂಚು ಸುತ್ತಲಿನ ನಿಂತ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಸುಳಿಗಳು ಹುಟ್ಟುತ್ತವೆ. ಆದರೆ ಒಳಗಿನ ತಿರುಳಿಗೆ ಇದು ಕೂಡಲೇ ತಟ್ಟುವುದಿಲ್ಲ. ಸುಮಾರು 4ರಿಂದ 6 ಬಾಯಿ ಅಗಲದಷ್ಟು ದೂರ ತಿರುಳಿನ ವೇಗ ಹಾಗೇ ಇರುತ್ತದೆ, ಕದಡುವಿಕೆಯೂ ಕಡಿಮೆ. 10 ಮಿ.ಮೀ.ನಲ್ಲಿ ತಗಡಿಗೆ ತಾಗುವುದು ಈ ಶಾಂತ ತಿರುಳು. 30 ಮಿ.ಮೀ.ಗೆ ಬರುವ ಹೊತ್ತಿಗೆ ಸುಳಿಗಳು ನಡುವಿನವರೆಗೂ ಬಂದಿರುತ್ತವೆ, ವೇಗ ಮಾತ್ರ ಇನ್ನೂ ಹೆಚ್ಚು ಇಳಿದಿರುವುದಿಲ್ಲ. ಕದಡಿದ ಗಾಳಿ ತಗಡಿಗೆ ಅಂಟಿದ ತೆಳು ಪದರವನ್ನು ಕಲಕಿ ಶಾಖವನ್ನು ಎಳೆದೊಯ್ಯುತ್ತದೆ. ಇನ್ನೂ ಮೇಲಕ್ಕೆ ಒಯ್ದರೆ ವೇಗ ಬಿದ್ದುಹೋಗಿ ತಣಿಸುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ದುಂಡು ನಾಜಲ್‌ನಲ್ಲಿ ನಡುಬಿಂದುವಿಗೆ ಒಳ್ಳೆಯ ಎತ್ತರ ಸಾಮಾನ್ಯವಾಗಿ 6ರಿಂದ 8 ಬಾಯಿ ಅಗಲ.

ಇನ್ನು ಉಂಗುರ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದೇ! ತಗಡಿಗೆ ಬಡಿದ ಗಾಳಿ ತಿರುಗಿ ಎಲ್ಲ ಕಡೆಗೂ ಹರಿಯುತ್ತದೆ. ನಡುವಿನ ಹತ್ತಿರ ಅದು ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುವುದರಿಂದ ತೆಳು ಪದರ ಶಾಂತವಾಗಿರುತ್ತದೆ. ಮುಂದೆ ಆ ಪದರ ಕದಡುತ್ತದೆ, ನಾಜಲ್ ಅಂಚಿನಲ್ಲಿ ಹುಟ್ಟಿದ ಸುಳಿಗಳೂ ಅಲ್ಲೇ ಬಂದು ತಾಗುತ್ತವೆ. ಶಾಖ ಮತ್ತೆ ಜೋರಾಗಿ ಹೊರಡುತ್ತದೆ. ಇದು ನಡುವಿನಿಂದ ಸುಮಾರು 2 ಬಾಯಿ ಅಗಲದಲ್ಲಿ, ಅಂದರೆ ನಿಮ್ಮಲ್ಲಿ 10 ಮಿ.ಮೀ. ಆಸುಪಾಸಿನಲ್ಲಿ ಕಾಣಬೇಕು. ಅಳೆದು ನೋಡಿ.

ಇದಕ್ಕೆ ನಾಜಲ್ ಹತ್ತಿರವಿರಬೇಕು, ರೆನಾಲ್ಡ್ಸ್ ಸಂಖ್ಯೆಯೂ (ಗಾಳಿಯ ವೇಗ, ಬಾಯಿಯ ಅಗಲ, ಗಾಳಿಯ ಸ್ನಿಗ್ಧತೆಯಿಂದ ಲೆಕ್ಕ ಹಾಕುವ, ಹರಿವು ಎಷ್ಟು ಸುಲಭವಾಗಿ ಕದಡುತ್ತದೆ ಎಂದು ಹೇಳುವ ಸಂಖ್ಯೆ) ಸಾಕಷ್ಟು ದೊಡ್ಡದಿರಬೇಕು. ಗಾಳಿಯ ವೇಗ ನೀವು ಬರೆದಿಲ್ಲ. ಸೆಕೆಂಡಿಗೆ 60 ಮೀಟರ್ ಅಂದುಕೊಂಡರೆ, ಕೋಣೆಯ ಉಷ್ಣತೆಯಲ್ಲಿ ಆ ಸಂಖ್ಯೆ ಸುಮಾರು 20,000. ಅಷ್ಟಿದ್ದರೆ ಉಂಗುರ ಕಾಣುವುದು ಸಹಜ. ತಗಡು ಮಾತ್ರ ತೆಳುವಾಗಿರಲಿ. ದಪ್ಪ ತಾಮ್ರ ಅಥವಾ ಅಲ್ಯೂಮಿನಿಯಂ ಆದರೆ ಶಾಖ ತಗಡಿನೊಳಗೇ ಹರಡಿ ಉಂಗುರ ಮಾಸಿಹೋಗುತ್ತದೆ. ತೆಳು ಸ್ಟೀಲ್ ಹಾಳೆಗೆ ವಿದ್ಯುತ್ ಹರಿಸಿ ಬಿಸಿ ಮಾಡಿ, ಹಿಂಬದಿಯಿಂದ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುವುದು ಒಳ್ಳೆಯ ದಾರಿ.

ಮುಂದೆ ಹಲವು ನಾಜಲ್ ಸಾಲಾಗಿ ಜೋಡಿಸುವ ಯೋಚನೆ ಇದ್ದರೆ, ಬಡಿದು ಬಿಸಿಯಾದ ಗಾಳಿ ಹೊರಹೋಗಲು ದಾರಿ ಬಿಡಿ. ಇಲ್ಲದಿದ್ದರೆ ಅದು ಅಡ್ಡ ಹರಿದು ಪಕ್ಕದ ನಾಜಲ್‌ಗಳಿಂದ ಬರುವ ಗಾಳಿಧಾರೆಗಳನ್ನು (ಜೆಟ್) ಓರೆಯಾಗಿಸುತ್ತದೆ.