ಪ್ರತಿಕ್ರಿಯೆ: ಶುಲ್ಕ ಕಟ್ಟುವ ಶಾಲೆಯಲ್ಲಿ ಪೌರನೀತಿ

ಮೇಡಂ, ಸಾಗರದ ಖಾಸಗಿ ಶಾಲೆಯಲ್ಲಿ ಓದುವ ನಿಮ್ಮ ಮಗಳಿಗೆ ಪೌರನೀತಿ ಬರೀ ಅಂಕದ ಪಾಠವಾಗಿದೆ, ಪೋಷಕರಾಗಿ ಏನು ಕೇಳಬಹುದು ಅಂದಿರಿ. ಕೇಳಲೇಬೇಕಾದ ಮಾತು ಇದು.

ಸರ್ಕಾರಿ ಶಾಲೆಯಲ್ಲಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅಪ್ಪ-ಅಮ್ಮಂದಿರು ಅದರ ಸದಸ್ಯರಾಗಿ ಕೂತು ಲೆಕ್ಕ ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅಂಥ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಅಲ್ಲಿ ನಾವು ಗಿರಾಕಿಗಳು: ಹಿಡಿಸದಿದ್ದರೆ ಟಿಸಿ ತಗೊಂಡು ಹೋಗಬೇಕು, ಅಷ್ಟೆ. ಮಕ್ಕಳು ಇದನ್ನು ದಿನಾ ನೋಡುತ್ತಾರೆ. ನನ್ನ ಪ್ರಕಾರ ಪಠ್ಯಕ್ಕಿಂತ ಗಟ್ಟಿಯಾಗಿ ಮನಸ್ಸಿಗೆ ಇಳಿಯುವ ಪಾಠ ಇದೇ.

ಚಿಲಿ ದೇಶ 1980ರ ದಶಕದಲ್ಲೇ ವೋಚರ್ ಪದ್ಧತಿ (ಮಗು ಸೇರಿದ ಶಾಲೆಗೆ, ಅದು ಖಾಸಗಿಯಾದರೂ, ಸರ್ಕಾರವೇ ಹಣ ಕೊಡುವುದು) ತಂದು ಶಾಲೆಗಳನ್ನು ಪೈಪೋಟಿಗೆ ಬಿಟ್ಟಿತು. ಇದರ ಅಸಮಾನತೆಯನ್ನು ವಿರೋಧಿಸಿ 2006ರಲ್ಲಿ ಹೈಸ್ಕೂಲು ಮಕ್ಕಳೇ ಬೀದಿಗಿಳಿದರು. 2016ರಲ್ಲಿ ಶಾಲೆಗಳಿಗೆ ನಾಗರಿಕ ಶಿಕ್ಷಣದ ಯೋಜನೆ ಕಡ್ಡಾಯವಾಯಿತು.

ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಕಾಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ. 1951ರಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನೇ ಪ್ರಶ್ನಿಸಿ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬೆಂಬಲಕ್ಕೆ ಬಂದು ಬಂಧನಕ್ಕೊಳಗಾದರು. ಆ ಊರಿಗೆ ಮಕ್ಕಳನ್ನು ಕರೆದೊಯ್ದು ಹಿರಿಯರ ಮಾತು ಕೇಳಿಸಲಿ. ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಕುಟುಂಬಗಳೂ ಅಲ್ಲೇ ಸುತ್ತಮುತ್ತ ಇವೆ. ಅವರ ಭೂಮಿ ಹಕ್ಕಿನ ಪ್ರಶ್ನೆ ಇನ್ನೂ ಜೀವಂತ.

ಮುಂದಿನ ಪೋಷಕರ ಸಭೆಯಲ್ಲಿ ಎರಡೇ ಕೇಳಿ: ಕ್ಲಾಸ್ ಲೀಡರನ್ನು ಮಕ್ಕಳು ಮತ ಹಾಕಿ ಆರಿಸುತ್ತಾರಾ, ಶಿಕ್ಷಕರು ನೇಮಿಸುತ್ತಾರಾ? ಮಕ್ಕಳು ತಮ್ಮ ಅಹವಾಲು ಹೇಳಿಕೊಳ್ಳುವ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ನಿಮ್ಮ ಶಾಲೆಯವರು ಹೋಗುತ್ತಾರಾ? ಒಬ್ಬರೇ ಹೋಗಬೇಡಿ, ನಾಲ್ಕು ಪೋಷಕರನ್ನು ಜೊತೆಗೆ ಸೇರಿಸಿಕೊಳ್ಳಿ. ಉತ್ತರ ಬರಹದಲ್ಲೇ ಕೊಡಲಿ ಅನ್ನಿ.