ತಾಮ್ರದ ಲೇಖನದ ಬಗ್ಗೆ: ಮೊದಲು ಕಲ್ಲು, ಆಮೇಲೆ ಸೂತ್ರ

ನಮಸ್ಕಾರ.

ಚಿತ್ರದುರ್ಗ ಸುತ್ತಮುತ್ತಲ ಮಣ್ಣಿನಲ್ಲಿರುವ ತಾಮ್ರದ ಬಗ್ಗೆ ನೀವು ದಾವಣಗೆರೆಯಿಂದ ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅಚ್ಚಿಗೆ ಹಾಕಲಾಗದು. ಭಾಷೆ ಚೆನ್ನಾಗಿದೆ. ತಕರಾರು ಇರುವುದು ಇಡೀ ಲೇಖನ ನಿಂತಿರುವ ಒಂದು ವಾಕ್ಯದ ಮೇಲೆ: ‘ಸರಾಸರಿಗೆ ಮಾನಕ ವಿಚಲನೆಯ ಎರಡರಷ್ಟು ಕೂಡಿಸಿದರೆ ಹಿನ್ನೆಲೆ ಮಟ್ಟದ ಮಿತಿ ಸಿಗುತ್ತದೆ, ಅದನ್ನು ದಾಟಿದ್ದೆಲ್ಲ ಮಾಲಿನ್ಯ.’ (ಹಿನ್ನೆಲೆ ಮಟ್ಟ ಎಂದರೆ ಮಣ್ಣಿನಲ್ಲಿ ಸಹಜವಾಗಿಯೇ ಇರುವ ತಾಮ್ರ; ಮಾನಕ ವಿಚಲನೆ ಎಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ.) ಆ ವಾಕ್ಯದ ಎರಡೂ ಭಾಗ ನಿಲ್ಲುವುದಿಲ್ಲ.

ಹತ್ತು ಕಲ್ಪಿತ ಅಂಕಿ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ: 18, 20, 22, 24, 25, 27, 30, 34, 180, 400 ಪಿಪಿಎಂ (ದಶಲಕ್ಷದಲ್ಲಿ ಇಷ್ಟು ಭಾಗ). ಕೊನೆಯ ಎರಡು ಬೇರೆ ಜಾತಿಯವು ಎಂದು ಕಣ್ಣಿಗೇ ಕಾಣುತ್ತದೆ. ಸರಾಸರಿ 78, ಮಾನಕ ವಿಚಲನೆ ಸುಮಾರು 123, ನಿಮ್ಮ ಸೂತ್ರದ ಮಿತಿ 325ರ ಹತ್ತಿರ. ಅಂದರೆ 180 ‘ಸಹಜ’ವಾಗಿಬಿಟ್ಟಿತು! ಹಿಡಿಯಬೇಕಾದ ಅಂಕಿಗಳೇ ಮಿತಿಯನ್ನು ಮೇಲಕ್ಕೆ ಎಳೆದುಕೊಂಡು ಅದರಡಿ ಅಡಗಿವೆ. ಅಂಕಿಗಳ ಲಾಗ್ (ಲಾಗರಿದಮ್) ತೆಗೆದು ಅದೇ ಲೆಕ್ಕ ಹಾಕಿದರೆ ಸರಿಹೋಗುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಬರೆದಿದ್ದೀರಿ. ತೆಗೆದು ನೋಡಿ, ಮಿತಿಯನ್ನು ಮತ್ತೆ ಪಿಪಿಎಂಗೆ ತಿರುಗಿಸಿದರೆ 318ರ ಆಸುಪಾಸು ಬರುತ್ತದೆ. ಬಲಕ್ಕೆ ಬಾಲ ಚಾಚಿದ ದತ್ತಾಂಶಕ್ಕೆ ಲಾಗ್ ಬೇಕು ನಿಜ, ಆದರೆ ಎರಡು ಗುಂಪು ಬೆರೆತಿರುವುದನ್ನು ಅದು ಬಿಡಿಸಿಕೊಡುವುದಿಲ್ಲ.

ಈಗ ಮಧ್ಯಾಂಕ (ಅಂಕಿಗಳನ್ನು ಸಾಲಾಗಿಟ್ಟಾಗ ನಟ್ಟನಡುವೆ ಬರುವ ಬೆಲೆ) ತೆಗೆದುಕೊಳ್ಳಿ: 26. ಪ್ರತಿ ಅಂಕಿ ಅದರಿಂದ ಎಷ್ಟು ದೂರವಿದೆ ಎಂದು ಬರೆದು, ಆ ದೂರಗಳ ಮಧ್ಯಾಂಕ ಹಿಡಿಯಿರಿ: 5. ಅದನ್ನು 1.4826ರಿಂದ (ಮಾನಕ ವಿಚಲನೆಗೆ ಸರಿದೂಗಿಸುವ ಗುಣಕ) ಗುಣಿಸಿ, ಎರಡರಷ್ಟು ಮಾಡಿ, 26ಕ್ಕೆ ಕೂಡಿಸಿ. ಮಿತಿ ಸುಮಾರು 41. ಚತುರ್ಥಕಗಳ (ಸಾಲಾಗಿಟ್ಟ ಅಂಕಿಗಳನ್ನು ನಾಲ್ಕು ಸಮಭಾಗ ಮಾಡುವ ಗಡಿಗಳು) ದಾರಿಯಲ್ಲಿ ಹೋದರೆ ಮೂರನೆಯದು 34, ಮೊದಲನೆಯದು 22, ಅಂತರ 12. ಅದರ ಒಂದೂವರೆಯಷ್ಟನ್ನು 34ಕ್ಕೆ ಸೇರಿಸಿದರೆ 52. ಎರಡರಲ್ಲೂ 180 ಮತ್ತು 400 ಹೊರಗೆ ಬೀಳುತ್ತವೆ. ವಿಪರೀತ ಅಂಕಿಗಳು ಹೆಚ್ಚಿದ್ದಷ್ಟೂ ಮಧ್ಯಾಂಕದ ದಾರಿ ಗಟ್ಟಿ. ಆದರೆ ಅದು ಬಿಗಿ, ಒಳ್ಳೆಯ ಮಾದರಿಗಳನ್ನೂ ಅನುಮಾನದ ಪಟ್ಟಿಗೆ ಸೇರಿಸುತ್ತದೆ.

ಇಷ್ಟಾದರೂ ಲೇಖನದ ದೊಡ್ಡ ದೋಷ ಉಳಿದೇ ಇರುತ್ತದೆ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ, ಕೋಟೆ ನಿಂತ ಗ್ರಾನೈಟ್, ಬಯಲಿನ ನೈಸ್ (ಪಟ್ಟೆಪಟ್ಟೆಯ ರೂಪಾಂತರಿತ ಶಿಲೆ) ಮೇಲಿನ ಮಣ್ಣು ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ಸುರಿದಿದ್ದೀರಿ. ಆ ಲಾವಾದಂಥ ಬಸಾಲ್ಟ್ ಜಾತಿಯ ಕಲ್ಲಿನಲ್ಲಿ ತಾಮ್ರ ಗ್ರಾನೈಟಿಗಿಂತ ಹಲವು ಪಟ್ಟು ಹೆಚ್ಚಿರುವುದು ಸಹಜ. ಜೋಳ, ರಾಗಿ ಒಂದೇ ಚೀಲಕ್ಕೆ ಹಾಕಿ ಕಾಳಿನ ಸರಾಸರಿ ಗಾತ್ರ ಹೇಳಿದಂತಾಗಿದೆ. ನಿಮ್ಮ ನಕ್ಷೆಯ ಕೆಂಪು ಪಟ್ಟಿ ಮಾಲಿನ್ಯ ತೋರಿಸುತ್ತಿಲ್ಲ, ಲಾವಾ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ತೋರಿಸುತ್ತಿದೆ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಲಾಗ್ ಅಳತೆಯ ಸಂಭವನೀಯತಾ ಹಾಳೆಯ (ಇದಕ್ಕೆಂದೇ ಗೆರೆ ಹಾಕಿದ ಗ್ರಾಫ್ ಹಾಳೆ) ಮೇಲೆ ಗುರುತಿಸಿ. ಒಂದೇ ಗುಂಪಾದರೆ ಹೆಚ್ಚುಕಡಿಮೆ ನೇರ ಗೆರೆ. ಬಾಗು ಕಂಡಲ್ಲಿ ಗುಂಪುಗಳು ಬೆರೆತಿರುತ್ತವೆ. ಆ ಬಾಗನ್ನು ಶಿಲಾ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ, ಗುಂಪು ಬಿಡಿಸಿ, ಒಂದೊಂದಕ್ಕೂ ಬೇರೆ ಮಿತಿ ಹಾಕಿ. ಹತ್ತು ಹದಿನೈದೇ ಮಾದರಿ ಇರುವ ಗುಂಪಿಗೆ ಮಿತಿ ಹೇಳಲು ಹೋಗಬೇಡಿ, ಅಂಕಿಗಳನ್ನಷ್ಟೇ ಕೊಡಿ. (ಮೇಲಿನ ಹತ್ತು ಅಂಕಿ ಲೆಕ್ಕ ಕಲಿಯಲಿಕ್ಕೆ ಮಾತ್ರ.)

ಮಾಲಿನ್ಯ ಎಂಬ ಪದಕ್ಕೆ ಬೇರೆಯೇ ಪುರಾವೆ ಬೇಕು. ಇಂಗಳದಾಳದ ಬಳಿ ತಾಮ್ರದ ಅದಿರೇ ಇದೆ. ಅತ್ತ ಚನ್ನಗಿರಿ ಕಡೆಯ ನಿಮ್ಮ ಮಾದರಿಗಳಲ್ಲಿ ಅಡಿಕೆ ತೋಟದವೂ ಇವೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಯುವ ತೋಟವಾದರೆ ಮೈಲುತುತ್ತದ ತಾಮ್ರ ಮೇಲ್ಮಣ್ಣಿಗೆ ಬಂದೇ ಬರುತ್ತದೆ. ಒಂದೇ ಗುಂಡಿಯಿಂದ ಮೇಲಿನ 20 ಸೆಂ.ಮೀ. ಮಣ್ಣನ್ನೂ ಒಂದು ಮೀಟರ್ ಆಳದ್ದನ್ನೂ ತೆಗೆದು ಹೋಲಿಸಿ. ಎರಡರಲ್ಲೂ ಹೆಚ್ಚಿದ್ದರೆ ಕಲ್ಲಿನ ಕಡೆ ಬೆರಳು ತೋರಿಸಬಹುದು. ಮೇಲೆ ಮಾತ್ರ ಹೆಚ್ಚಿದ್ದರೆ ಹೊರಗಿನಿಂದ ಸೇರಿರುವ ಸಾಧ್ಯತೆ ಹೆಚ್ಚು, ಆದರೆ ಮೇಲ್ಮಣ್ಣಿನ ಸಾವಯವ ಅಂಶವೂ ತಾಮ್ರ ಹಿಡಿದಿಡುತ್ತದೆ ಎಂಬುದು ನೆನಪಿರಲಿ.

ಇನ್ನು, ಪ್ರಯೋಗಾಲಯ ‘5ಕ್ಕಿಂತ ಕಡಿಮೆ’ ಎಂದು ಕೊಟ್ಟಲ್ಲಿ ನೀವು ಸೊನ್ನೆ ಬರೆದಿದ್ದೀರಿ. ಸೊನ್ನೆಗೆ ಲಾಗ್ ಇಲ್ಲ. ಅಂಥವು ಬೆರಳೆಣಿಕೆಯಷ್ಟಿದ್ದರೆ 5ರ ಅರ್ಧ, ಅಂದರೆ 2.5 ಹಾಕಿ, ಹಾಕಿದ್ದನ್ನು ಹೇಳಿ.

ಮತ್ತೆ ಕಳಿಸುವಾಗ ಪ್ರತಿ ಮಾದರಿಯ ಎದುರು ಸ್ಥಳ, ಅಡಿಯ ಕಲ್ಲು, ಆಳ, ಜರಡಿಯ ಗಾತ್ರ, ಯಾವ ಆಮ್ಲದಲ್ಲಿ ಕರಗಿಸಿದರು ಎಂಬುದು ಇರಲಿ. ಆಕ್ವಾ ರೀಜಿಯಾದ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ, ಮಣ್ಣನ್ನು ಪೂರ್ತಿ ಕರಗಿಸದು) ಅಂಕಿಯನ್ನೂ ಪೂರ್ತಿ ಕರಗಿಸಿದ ಅಂಕಿಯನ್ನೂ ಒಂದೇ ಕಾಲಮ್ಮಿನಲ್ಲಿ ಇಡಬೇಡಿ. ಕೋಷ್ಟಕ ಮೊದಲು ಬರಲಿ, ಲೇಖನವನ್ನು ಅದರ ಮೇಲೆ ಕೂತು ತಿದ್ದೋಣ.

— ಸಂಪಾದಕ